ಹುಲ್ಲಿನ ಪರವಾಗಿ ಸಸಿ ನೆಟ್ಟವರು

ನಾನು ದುಡಿದ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೆ ಹೊಸದಾಗಿ ಸೇರಿದ ಕೆಲವರು ಈಚೆಗೆ ಬಿಳೂರಿನ ನಮ್ಮ ಮನೆಗೆ ಬಂದಿದ್ದರು. ಮಾಳದ ಮೇಲಿನ, ಅಂದರೆ ಬಯಲು ಹುಲ್ಲುಗಾವಲಿನ, ಕೆಲಸ ಹೇಗಿರುತ್ತದೆ ಎಂದು ಕೇಳಿದರು. ನಾನು ಚಹಾ ಕೊಟ್ಟು, ಕಾಲುಚೀಲ ದಪ್ಪನೆಯದು ಹಾಕಿಕೊಳ್ಳಿ ಎಂದೆ. ಅವರು ಕೃತಜ್ಞತೆ ಹೇಳಿ ಹೋದರು. ತಲೆ ಬೆಳ್ಳಗಾಗುವವರೆಗೆ ನೌಕರಿ ಮಾಡಿದವನ ಒಟ್ಟು ಜ್ಞಾನ ಒಂದು ಜೊತೆ ಕಾಲುಚೀಲಕ್ಕೆ ಮುಗಿದದ್ದು ನನಗೇ ಸರಿಕಾಣಲಿಲ್ಲ. ಅದಕ್ಕೇ ಉಳಿದದ್ದನ್ನು ಬರೆಯಲು ಕೂತಿದ್ದೇನೆ.

ನನ್ನ ಹುದ್ದೆ ಕ್ಷೇತ್ರ ಸಹಾಯಕನದು. ಕೆಲಸ, ಹುಲ್ಲು ಎಣಿಸುವುದು. ಇದನ್ನು ಎಷ್ಟೇ ಗಾಂಭೀರ್ಯದಿಂದ ಹೇಳಿದರೂ ಕೇಳುವವರ ಮುಖದಲ್ಲಿ ಕನಿಕರ ಮೂಡುತ್ತದೆ. ನಮ್ಮದು ಕಿರಾಣಿ ಅಂಗಡಿಯ ಮನೆತನ. ಗಿರಾಕಿಗಳು ‘ತಮ್ಮ ಏನ್ ಮಾಡ್ತಾನ್ರಿ?’ ಎಂದು ಕೇಳಿದರೆ ಅಣ್ಣ ತಕ್ಕಡಿಯಿಂದ ಕಣ್ಣು ತೆಗೆಯದೆ ‘ಸರಕಾರಿ ಹುಲ್ಲ ಕಾಯ್ತಾನ’ ಎನ್ನುತ್ತಿದ್ದ. ಅವ್ವ ಮಾತ್ರ ಮಗ ಕಾಲೇಜಿನಲ್ಲಿದ್ದಾನೆ ಎಂದಷ್ಟೇ ಹೇಳಿ ಎದ್ದು ಒಳಗೆ ಹೋಗುತ್ತಿದ್ದಳು. ಮುಂದಿನ ಪ್ರಶ್ನೆಗೆ ಸುಳ್ಳು ಹೇಳಬೇಕಾದೀತೆಂಬ ಭಯ ಆಕೆಗೆ.

ಎಣಿಸುವ ವಿಧಾನ ಹೀಗೆ. ಕಬ್ಬಿಣದ ಸರಳಿನ ಚೌಕಟ್ಟೊಂದನ್ನು ನೆಲದ ಮೇಲೆ ಇಡಬೇಕು. ಅದರೊಳಗೆ ಬಂದ ಹುಲ್ಲನ್ನೆಲ್ಲ ಜಾತಿವಾರು ಎಣಿಸಬೇಕು. ಜಾತಿವಾರು ಎಣಿಸಿದರೂ ಯಾರೂ ತಕರಾರು ತೆಗೆಯದ ಜಾಗ ಈ ದೇಶದಲ್ಲಿ ಅದೊಂದೇ ಇರಬೇಕು. ಕುರಿ ಮೇಯ್ದಲ್ಲಿ ಏನು ಬೆಳೆಯುತ್ತದೆ, ಮೇಯದಲ್ಲಿ ಏನು ಬೆಳೆಯುತ್ತದೆ, ಮಳೆ ತಡವಾದರೆ ಯಾವ ಹುಲ್ಲು ಮುನಿಸಿಕೊಳ್ಳುತ್ತದೆ, ಇವೆಲ್ಲ ಆ ಚೌಕಟ್ಟಿನೊಳಗೆ ತಿಳಿಯುತ್ತವೆ ಎಂಬುದು ಶಾಸ್ತ್ರ. ಮಂಡಿಯೂರಿ ಕೂತ ನಮ್ಮನ್ನು ದೂರದಿಂದ ನೋಡಿದವರು ಏನೋ ಕಳಕೊಂಡಿದ್ದಾರೆ ಎಂದುಕೊಂಡು ಬಂದು ತಾವೂ ಹುಡುಕತೊಡಗುತ್ತಿದ್ದರು. ಜತ್ತ ತಾಲೂಕಿನ ಜನ ಅಷ್ಟು ಒಳ್ಳೆಯವರು.

ಒಂದು ಸಲ ಉಟಗಿಯಲ್ಲಿ ಪರಿಚಯದವರು ಕಟ್ಟಿಸುತ್ತಿದ್ದ ಮನೆಯ ಗೋಡೆಗೆ ಚೌಕಟ್ಟು ಒರಗಿಸಿ ಊಟಕ್ಕೆ ಕೂತೆವು. ಸೇಂಗಾ ಹೋಳಿಗೆ ಇದ್ದದ್ದರಿಂದ ಊಟ ತುಸು ಲಂಬಿಸಿತು. ಎದ್ದು ಬಂದು ನೋಡಿದರೆ ಗೌಂಡಿ ಅದನ್ನು ಕಿಟಕಿ ಎಂದು ಗೋಡೆಯಲ್ಲಿ ಕೂರಿಸಿ ಸಿಮೆಂಟು ಮೆತ್ತಿದ್ದ. ‘ಅಳತಿ ಭಾಳ ಬರೋಬ್ಬರಿ ಐತ್ರಿ, ಯಾರ ಕಡೆ ಮಾಡ್ಸಿದ್ರಿ?’ ಎಂದು ನನ್ನನ್ನೇ ಕೇಳಿದ. ಆ ಮನೆಗೆ ಈಗಲೂ ವೈಜ್ಞಾನಿಕವಾಗಿ ಸರಿಯಾದ ಗಾಳಿ ಬರುತ್ತಿದೆ.

ಕೊನೆಕೊನೆಗೆ ಡ್ರೋನ್ ಬಂತು. ಮಂಡಿ ಊರುವುದು ತಪ್ಪಿತೆಂದು ನಾನು ಸಂತೋಷಪಟ್ಟೆ. ಮೊದಲ ದಿನವೇ ಅದರ ಸದ್ದಿಗೆ ನಾಯಿಗಳು ಬೊಗಳಿ, ಕುರಿಗಳು ಬೆದರಿ, ಇಡೀ ಹಿಂಡು ಪಕ್ಕದ ತೊಗರಿ ಹೊಲಕ್ಕೆ ನುಗ್ಗಿತು. ಮೇಲೆ ಹಾರುವುದಕ್ಕೆ ಬೈದರೆ ಕೇಳಿಸುವುದಿಲ್ಲವಾದ್ದರಿಂದ ಹೊಲದವರು ಕೆಳಗಿದ್ದ ನನಗೆ ಬೈದರು. ಹೊಸಬರು ನೆನಪಿಡಬೇಕಾದ್ದು: ಯಂತ್ರ ಬದಲಾಗಬಹುದು, ಬೈಸಿಕೊಳ್ಳುವ ಹುದ್ದೆ ಖಾಯಂ.

ಇನ್ನು ಮೇಲಧಿಕಾರಿಗಳ ವಿಷಯ. ನಮ್ಮ ತಂಡದ ಮುಖ್ಯಸ್ಥರು ಇನಾಮದಾರ ಸರ್. ಕೊಲ್ಹಾಪುರದ ಕಡೆಯವರು, ಮರಾಠಿ ಮನೆಮಾತು, ಹುಲ್ಲಿನ ಬಗ್ಗೆ ಅಪಾರ ವಿದ್ವತ್ತು. ಮಾಳದ ನಡುವೆ ಯಾರೋ ನೆಟ್ಟ ಗಿಡ ಕಂಡರೆ ಅವರಿಗೆ ಊಟದಲ್ಲಿ ಕೂದಲು ಕಂಡಂತಾಗುತ್ತಿತ್ತು. ಅವರ ಮಾತಿನಲ್ಲಿ ಅರ್ಥವಿತ್ತು. ಮಾಳದ ಹುಲ್ಲಿಗೆ ಬಿಸಿಲು ಬೇಕು. ಗಿಡ ದಟ್ಟವಾದರೆ ಹುಲ್ಲು ಹೋಗುತ್ತದೆ. ಹುಲ್ಲು ಹೋದರೆ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳು ಹೋಗುತ್ತವೆ, ಕುರಿ ಹೋಗುತ್ತದೆ, ಕುರಿಯವರೂ ಹೋಗಬೇಕಾಗುತ್ತದೆ. ಆದರೆ ಮರವಿಲ್ಲದ ನೆಲವೆಂದರೆ ಪಾಳು ನೆಲ ಎಂದು ಎಲ್ಲರ ನಂಬಿಕೆ. ಆದ್ದರಿಂದ ಊರೂರಿಗೆ ಹೋಗಿ, ನಿಮ್ಮ ಮಾಳ ಪಾಳಲ್ಲ, ದಯವಿಟ್ಟು ಹಸಿರು ಮಾಡಬೇಡಿ ಎಂದು ತಿಳಿಹೇಳುವ ವಿಚಿತ್ರ ಕೆಲಸವೂ ನಮ್ಮ ಪಾಲಿಗೆ ಬಂತು.

ಸರ್ ಮರಾಠಿಯಲ್ಲಿ ಮಾತನಾಡುವುದು, ನಾನು ಕನ್ನಡಕ್ಕೆ ತಿರುಗಿಸುವುದು, ಇದು ಏರ್ಪಾಡು. ಮನೆಮಾತು ಕನ್ನಡವಾದರೂ ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ಸೀಮೆಯಲ್ಲಿ ಮರಾಠಿ ಬಾರದವರು ಯಾರಿದ್ದಾರೆ? ಜನ ಎಲ್ಲವನ್ನೂ ಮರಾಠಿಯಲ್ಲಿಯೇ ತಿಳಿದುಕೊಂಡು, ಕನ್ನಡದಲ್ಲಿ ನಾನು ಎಲ್ಲಿ ಎಡವುತ್ತೇನೆ ಎಂದು ನೋಡಲು ಆಸಕ್ತಿಯಿಂದ ಮುಂದೆ ಬಾಗುತ್ತಿದ್ದರು. ಯಾವ ವಿಶ್ವವಿದ್ಯಾಲಯದ ಪರೀಕ್ಷಕರೂ ಅಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ಕಂಡಿಲ್ಲ.

ನಮ್ಮಲ್ಲಿ ಯಾವ ಸಭೆಯೂ ಸತ್ಕಾರವಿಲ್ಲದೆ ಬಾಯಿ ತೆರೆಯುವುದಿಲ್ಲ. ಮೊದಲು ತಲೆಗೆ ಫೇಟಾ, ಹೆಗಲಿಗೆ ಶಾಲು, ಕೈಗೆ ತೆಂಗಿನಕಾಯಿ. ಆಮೇಲೆ, ಹೊತ್ತು ಉಳಿದರೆ, ವಿಷಯ. ಅತಿಥಿಗೆ, ಅತಿಥಿಯ ಡ್ರೈವರಿಗೆ, ಹಾರ ತಂದವನಿಗೆ, ಹೀಗೆ ಯಾರೂ ಬಿಟ್ಟುಹೋಗಬಾರದು. ಬಿಟ್ಟುಹೋದವನು ಮುಂದಿನ ಚುನಾವಣೆಗೆ ಎದುರು ನಿಲ್ಲುತ್ತಾನೆ. ಈಚಿನ ವರ್ಷಗಳಲ್ಲಿ ತೆಂಗಿನಕಾಯಿಯ ಜೊತೆಗೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸಸಿಯನ್ನೂ ಕೊಡುವ ಪದ್ಧತಿ ಬಂದಿದೆ. ಕೊಟ್ಟ ಸಸಿಯನ್ನು ಅತಿಥಿ ಅಲ್ಲಿಯೇ ನೆಡಬೇಕು, ನೆಟ್ಟದ್ದರ ಫೋಟೊ ಆಗಬೇಕು. ನಮ್ಮ ತಂಡಕ್ಕೆ ಗ್ರಹಚಾರ ವಕ್ರಿಸಿದ್ದು ಇಲ್ಲಿಯೇ.

ದರಿಬಡಚಿಯಿಂದ ಆಚೆಗೆ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ, ಅಲ್ಲಿಯವರೂ ನಾನೂ ಒಂದೇ ಎಸ್‌ಟಿ ಬಸ್ಸಿನಲ್ಲಿ ಓಡಾಡಬೇಕು. ಅಲ್ಲಿಯ ಸರಪಂಚ ಮಲಕಪ್ಪಣ್ಣ ಹಸನ್ಮುಖಿ, ಕಾರ್ಯಕ್ರಮಪ್ರಿಯ. ಚಳಿಗಾಲದಲ್ಲಿ ನಮ್ಮ ಸಭೆಗೆ ಮಾಳದ ಅಂಚಿನಲ್ಲಿಯೇ ಮಂಟಪ ಹಾಕಿಸಿದ್ದ. ನಮ್ಮ ಮೂವರಿಗೂ, ಅಂದರೆ ಸರ್‌ಗೆ, ಸಂಶೋಧನೆ ಮಾಡುತ್ತಿದ್ದ ಸ್ನೇಹಲ್‌ಗೆ, ನನಗೆ, ವಿಧಿವತ್ತಾಗಿ ಫೇಟಾ ಸುತ್ತಿ ಒಂದೊಂದು ಬೇವಿನ ಸಸಿ ಕೈಗಿತ್ತ. ಪಕ್ಕದಲ್ಲಿ ಗುಂಡಿ ತೋಡಿಟ್ಟಿದ್ದ. ಮಾಳದ ಮೇಲೆ ಗಿಡ ನೆಡಬಾರದೆಂಬ ಭಾಷಣ ಸರ್ ಜೇಬಿನಲ್ಲಿತ್ತು. ನೆಡಬೇಕಾದ ಗಿಡ ಕೈಯಲ್ಲಿತ್ತು. ಅವರು ನನ್ನ ಮುಖ ನೋಡಿದರು. ನಾನು ತೆಂಗಿನಕಾಯಿಯನ್ನು ಪರೀಕ್ಷಿಸತೊಡಗಿದೆ.

‘ಸರ್, ಇದನ್ನು ಬೇಡ ಅನ್ನುವುದಕ್ಕೇ ನಾವು ಬಂದದ್ದು,’ ಎಂದು ಸ್ನೇಹಲ್ ಮರಾಠಿಯಲ್ಲಿ ಪಿಸುಗುಟ್ಟಿದಳು.

‘ಒಂದು ಬೇವಿನಿಂದ ಏನಾಗುತ್ತದೆ? ಬೇಡವೆಂದರೆ ಅವಮಾನ ಮಾಡಿದಂತೆ,’ ಎಂದು ಸರ್ ಬಾಗಿ ಸಸಿ ನೆಟ್ಟರು. ನಾನೂ ನೆಟ್ಟೆ. ಸ್ನೇಹಲ್ ತನ್ನದನ್ನು ಜೀಪಿನಲ್ಲಿಟ್ಟು ಬಂದಳು. ಆಮೇಲೆ ಸರ್, ಬೆರಳಿಗೆ ಹಸಿಮಣ್ಣು ಮೆತ್ತಿಕೊಂಡೇ, ಇಲ್ಲಿ ಗಿಡ ಏಕೆ ನೆಡಬಾರದು ಎಂದು ಅತ್ಯಂತ ಮನಮುಟ್ಟುವಂತೆ ಮಾತನಾಡಿದರು. ಜನ ನೆಟ್ಟದ್ದಕ್ಕೂ ನೆಡಬಾರದೆಂದದ್ದಕ್ಕೂ ಭೇದವೆಣಿಸದೆ ಒಂದೇ ಸಮ ಚಪ್ಪಾಳೆ ತಟ್ಟಿದರು.

ಬೇಸಿಗೆಯ ಕೊನೆಗೆ ಮತ್ತೆ ಆ ಊರಿಗೆ ಹೋದಾಗ ಊರಬಾಗಿಲ ಅಗಸಿಯಲ್ಲಿ ಒಂದು ದೊಡ್ಡ ಫ್ಲೆಕ್ಸ್ ನಿಂತಿತ್ತು. ಅದರಲ್ಲಿ ಫೇಟಾ ಸುತ್ತಿದ ಇನಾಮದಾರ ಸರ್, ಕೈಯಲ್ಲಿ ಬೇವಿನ ಸಸಿ, ಕೆಳಗೆ ‘ತಜ್ಞರ ಮಾರ್ಗದರ್ಶನದಲ್ಲಿ ನಮ್ಮ ಹಸಿರು ಮಾಳ’ ಎಂಬ ಘೋಷಣೆ. ಫ್ಲೆಕ್ಸು ಗಿಡಕ್ಕಿಂತ ಎತ್ತರವಿತ್ತು ಎನ್ನುವುದೂ ತಪ್ಪಾಗುತ್ತದೆ, ಏಕೆಂದರೆ ಆ ಗಿಡವನ್ನು ಯಾರದೋ ಆಡು ಆಗಲೇ ತಿಂದು ಮುಗಿಸಿತ್ತು. ಮಾಳದ ಮೇಲೆ ಮಾತ್ರ ಊರ ಕಡೆಯ ಅಂಚಿನಿಂದ ಗುಂಡಿ ತೋಡುವುದು ನಡೆದಿತ್ತು. ಸಾಲು ಸಾಲು ಗುಂಡಿ, ಕೆಂಪು ಗರಸು ಮಣ್ಣಿನ ರಾಶಿ. ಮೊದಲ ಗುಂಡಿಯ ದಂಡೆಯ ಮೇಲೆ ಮಾಯವ್ವ ಕೂತಿದ್ದಳು.

ಮಾಯವ್ವ ಕುರಿಗಾರರ ಮನೆಯವಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದರೂ ನಾನು ಕರೆಯುವುದು ಯಕ್ಕಾ ಎಂದೇ. ದೀಪಾವಳಿ ಕಳೆದ ಮೇಲೆ ಅವಳ ಗಂಡ ಬೀರಪ್ಪ, ಮಕ್ಕಳು ಹಿಂಡು ಹೊಡೆದುಕೊಂಡು ಹೊಳೆಯ ಸೀಮೆಗೆ ಹೋಗುತ್ತಾರೆ. ಮೊದಲ ಮಳೆಗೆ ತಿರುಗಿ ಬರುತ್ತಾರೆ.

‘ಬರ್ರಿ ಅಣ್ಣಾರ, ಕುಂದ್ರಿ,’ ಎಂದಳು. ‘ನಿಮ್ಮ ಸಾಹೇಬರ ಹೊಸಾ ತ್ವಾಟ ನೋಡ್ರಿ.’

‘ಇದೇನ ಯಕ್ಕಾ? ಯಾರ ತೋಡ್ಸಾಕತ್ತಾರ?’

‘ಯಾರ ತೋಡಸ್ತಾರ? ನೀವ! ಅಗಸ್ಯಾಗ ಫೋಟೊ ನೋಡ್ಲಿಲ್ಲೇನು? ಗಿಡಾ ಹಚ್ಚಿದ ಮ್ಯಾಲ ತಂತಿ ಬೇಲಿ ಹಾಕ್ತಾರಂತ. ಕುರಿ ಒಳಗ ಕಾಲ ಇಡಂಗಿಲ್ಲಂತ.’

‘ನಮ್ಮ ಸಾಹೇಬರ ಹಚ್ಚಬ್ಯಾಡ್ರಿ ಅಂತ ಭಾಷಣ ಮಾಡಿದ್ರಲ್ಲ?’

‘ಭಾಷಣ ಭಾಳ ಚಲೋ ಇತ್ತರಿ. ಕುರಿ ಅದನ್ನ ಮೇಯಂಗಿಲ್ಲ ನೋಡ್ರಿ.’ ಆಮೇಲೆ ಅವಳ ನಗೆ ಕಡಿಮೆಯಾಯಿತು. ‘ಮಳಿಗಾಲದಾಗ ಹೊಲಾ ಎಲ್ಲಾ ಬಿತ್ತಿರ್ತಾರ. ಕಾಲಿಡಾಕ ನಮಗ ಇದೊಂದ ಜಾಗ. ಇದೂ ಬಂದಾದ್ರ ಕುರಿ ಎಲ್ಲಿ ಬಿಡೂದು? ಸಾಹೇಬರ ಫೇಟಾದ ಮ್ಯಾಲ? ಅರ್ಧಾ ಹಿಂಡ ಮಾರೂದ ಗತಿ.’

ಸರ್ ಸ್ವಲ್ಪ ದೂರದಲ್ಲಿ ನಿಂತಿದ್ದರು. ಅವರಿಗೆ ಕನ್ನಡ ಬಾರದು. ಆದರೂ ಅನುವಾದ ಮಾಡು ಎಂದು ಅವರು ಆ ಹೊತ್ತು ಕೇಳಲಿಲ್ಲ.

ಅಲ್ಲಿಂದ ನೇರ ಮಲಕಪ್ಪಣ್ಣನ ಮನೆಗೆ ಹೋದೆವು. ಅವನು ನಮ್ಮನ್ನು ಕಂಡು ಎಷ್ಟು ಸಂತೋಷಪಟ್ಟನೆಂದರೆ ನಮಗೇ ನಾಚಿಕೆಯಾಯಿತು. ಚಹಾ ಬಂತು, ಚೂಡಾ ಬಂತು. ಸರ್ ಮರಾಠಿಯಲ್ಲಿ, ಗುಂಡಿ ನಿಲ್ಲಿಸಬೇಕು, ನಾನು ಹೇಳಿದ್ದು ಇದಕ್ಕೆ ತದ್ವಿರುದ್ಧ ಎಂದರು. ಮಲಕಪ್ಪಣ್ಣ ಉತ್ತರವನ್ನು ಕನ್ನಡದಲ್ಲಿ ನನಗೆ ಕೊಟ್ಟ. ಸರ್‌ಗೆ ಅದು ನನ್ನ ಮೂಲಕ, ಸ್ವಲ್ಪ ತಣ್ಣಗಾಗಿ, ಮುಟ್ಟಲಿ ಎಂಬ ಮರ್ಯಾದೆ.

‘ಅಣ್ಣಾರ, ಸಾಹೇಬರ ಬ್ಯಾಡ ಅಂದ್ರು, ಖರೆ. ಆದ್ರ ಹಚ್ಚಿದ್ರು. ಅಂದದ್ದ ಗಾಳ್ಯಾಗ ಹೋತು, ಹಚ್ಚಿದ್ದ ಫೋಟೊದಾಗ ಉಳೀತು. ಗಿಡಾ ಹಚ್ಚೂದಂದ್ರ ಪುಣ್ಯದ ಕೆಲಸ. ನಾ ಎದ್ದ ನಿಂತ ಬ್ಯಾಡ ಅಂದ್ರ ಮಂದಿ ನನ್ನ ಹುಚ್ಚ ಅಂತಾರ.’

‘ಸರ್ ಒಂದ ಪತ್ರಾ ಬರದ ಕೊಡ್ತಾರ,’ ಎಂದೆ.

‘ಪತ್ರಾ ಯಾರ ಓದ್ತಾರ್ರಿ? ಸ್ಟೇಜಿನ ಮ್ಯಾಲ ಆದದ್ದು ಸ್ಟೇಜಿನ ಮ್ಯಾಲನ ಮುರೀಬೇಕು. ಮೊದಲ ಮಳಿ ಆದಕೂಡ್ಲೆ ವೃಕ್ಷಾರೋಪಣ ಐತಿ. ಸಾಹೇಬರ ಮುಖ್ಯ ಅತಿಥಿ. ಎಲ್ಲಾರ ಮುಂದ ಅವರ ಹೇಳ್ಲಿ. ಆಮ್ಯಾಲ ನೋಡೂಣು.’

ಜೀಪಿನಲ್ಲಿ ಸರ್ ಹಳೆಯ ಭಾಷಣದ ಕಾಗದ ತೆಗೆದು ಮಡಚುತ್ತ ಬಿಚ್ಚುತ್ತ ಕೂತರು. ಪರದೇಶದ ಪಂಡಿತರ ವಿರುದ್ಧ ಅಂಜದೆ ಬರೆದವರು ಅವರು. ಆದರೆ ತುಂಬಿದ ಸಭೆಯಲ್ಲಿ, ಫೇಟಾ ಕಟ್ಟಿದವರ ಎದುರು, ಕೈಗೆ ಬಂದ ಸಸಿಯನ್ನು ಬೇಡವೆನ್ನುವುದು ಬೇರೆಯೇ ಮಟ್ಟದ ಪರಾಕ್ರಮ.

‘ಪ್ರಬಂಧದಲ್ಲಿ ತಪ್ಪಾದರೆ ತಿದ್ದುಪಡಿ ಪ್ರಕಟಿಸುತ್ತೇವಲ್ಲ ಸರ್, ಇದೂ ಹಾಗೆಯೇ,’ ಎಂದಳು ಸ್ನೇಹಲ್.

‘ಅಲ್ಲಿ ಹಲಗಿ ಬಾರಿಸಿಕೊಂಡು ಪ್ರಕಟಿಸುವುದಿಲ್ಲ,’ ಎಂದರು ಸರ್.

ಮಳೆ ಬಿತ್ತು. ಕಾರ್ಯಕ್ರಮದ ದಿನ ಮಾಳವೆಲ್ಲ ಹಸಿ ವಾಸನೆ. ಮಂಟಪದ ಪಕ್ಕದಲ್ಲಿ ಟ್ರ್ಯಾಕ್ಟರಿನ ಟ್ರಾಲಿ ತುಂಬ ಬೇವು, ನಿಂಬೆ, ನುಗ್ಗೆಯ ಸಸಿಗಳು. ಹೆಂಗಸರ ಗುಂಪಿನ ಹಿಂದೆ ಮಾಯವ್ವ ಮೊಬೈಲು ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಹತ್ತಿರ ಬಂದಳು.

‘ಹಿಂಡ ಸಮೀಪ ಬಂದ ನಿಂತೈತ್ರಿ. ಯಾರದೋ ಖಾಲಿ ಹೊಲದಾಗ ತರುಬ್ಯಾರ, ಅವರ ನಾಳಿ ಬಿತ್ತವರು. ಬರ್ಲೋ ಬ್ಯಾಡೋ ಅಂತ ಇವ್ರು ಫೋನ್ ಮ್ಯಾಲ ಫೋನ್ ಹಚ್ಚಾಕತ್ತಾರ. ಏನ ಹೇಳ್ಲಿ?’

‘ಸ್ವಲ್ಪ ತಡೀ ಯಕ್ಕಾ,’ ಎಂದೆ.

ಸರ್ ತಲೆಗೆ ಫೇಟಾ ಏರಿತು. ಶಾಲು ಬಂತು, ತೆಂಗಿನಕಾಯಿ ಬಂತು. ಹಲಗಿ ಜೋರಾಯಿತು. ಮಲಕಪ್ಪಣ್ಣ ಎರಡೂ ಕೈಯಲ್ಲಿ ಸಸಿ ಹಿಡಿದು ಮುಂದೆ ಚಾಚಿ, ಮುಖವನ್ನು ಫೋಟೊದವನ ಕಡೆ ತಿರುಗಿಸಿದ. ಸರ್ ಕೈ ಮುಂದೆ ಮಾಡಲಿಲ್ಲ. ತೆಂಗಿನಕಾಯಿಯ ಸಮೇತ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹಲಗಿಯವನ ಕೈ ನಡುವೆಯೇ ನಿಂತಿತು. ಸತ್ಕಾರಗಳ ಇತಿಹಾಸದಲ್ಲಿ ಅಂಥದ್ದು ಹಿಂದೆ ಆಗಿಲ್ಲ, ಮುಂದೆ ಆಗಲಾರದು.

ಸರ್ ಭಾಷಣದ ಕಾಗದ ತೆಗೆಯಲೇ ಇಲ್ಲ. ಮರಾಠಿಯಲ್ಲಿ ನಾಲ್ಕು ಮಾತು ಆಡಿದರು: ಹೋದ ಸಲ ಸಂಕೋಚಕ್ಕೆ ಬಿದ್ದು ಇಲ್ಲಿ ಸಸಿ ನೆಟ್ಟೆ, ಅದು ನನ್ನ ತಪ್ಪು. ಈ ಮಾಳ ಖಾಲಿ ಜಾಗವಲ್ಲ, ಕುರಿಯವರ ಮಳೆಗಾಲದ ಹೊಲ. ಇದನ್ನು ಮುಚ್ಚಬೇಡಿ. ಸಸಿಗೆ ಬೇರೆ ಜಾಗ ಹುಡುಕಿದರೆ ನಾನೇ ಗುಂಡಿ ತೋಡುತ್ತೇನೆ.

ಎಲ್ಲರಿಗೂ ಅರ್ಥವಾಗಿತ್ತು. ಆದರೂ ಪದ್ಧತಿಯಂತೆ ಎಲ್ಲರೂ ನನ್ನ ಕಡೆ ತಿರುಗಿ ಮುಂದೆ ಬಾಗಿದರು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: ‘ಸಾಹೇಬರ ತಪ್ಪಾತು ಅಂತಾರ. ಮಾಳಾ ಕುರೀದು ಅಂತಾರ. ಗಿಡಾ ಬ್ಯಾರೆ ಕಡೆ ಹಚ್ಚೂಣು ಅಂತಾರ.’

ಮುಂದಿನ ಸಾಲಿನ ಮುದುಕರೊಬ್ಬರು ತಲೆಯಾಡಿಸಿದರು. ‘ಮರಾಠ್ಯಾಗ ಸಾಹೇಬರ ಮರ್ಯಾದಿ ಇನ್ನೂ ಸ್ವಲ್ಪ ಉಳಿದಿತ್ತಪ್ಪಾ. ಕನ್ನಡದಾಗ ಪೂರಾ ಹೋತು.’

ಮಂಟಪ ನಕ್ಕಿತು. ಯಾಕೆ ಎಂದು ತಿಳಿಯದೆ ಸರ್ ಕೂಡ ನಕ್ಕರು. ನಗದೆ ಉಳಿದವನು ಮಲಕಪ್ಪಣ್ಣನೊಬ್ಬನೇ. ಸಸಿ ಇನ್ನೂ ಅವನ ಕೈಯಲ್ಲಿಯೇ ಇತ್ತು.

‘ಎಲ್ಲಾ ಖರೆ ಅನ್ರಿ,’ ಎಂದ ಮೈಕಿನಲ್ಲಿ. ‘ಟ್ರ್ಯಾಕ್ಟರ್ ತುಂಬ ಸಸಿ ಬಂದಾವು. ಈಗ ಏನ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಿ? ಇವತ್ತ ಹಚ್ಚಾಕಽ ಬೇಕು.’

ಹೆಂಗಸರ ಹಿಂದಿನಿಂದ ಮಾಯವ್ವನ ದನಿ ಬಂತು. ‘ಸರಪಂಚರ, ಒಂದ ಮಾತ ಕೇಳ್ಲ್ಯಾ?’

‘ಕೇಳವಾ.’

‘ಮಾಳದಾಗ ಹಚ್ಚಿದ್ರ ನಿಮ್ಮ ಫೋಟೊ ಎಷ್ಟ ಆಗ್ತಾವ್ರಿ?’

‘ಎಷ್ಟಂದ್ರ? ಒಂದ. ಭಾಳಂದ್ರ ಎರಡ.’

‘ಮನೀಗೊಂದ ಗಿಡಾ ಕೊಟ್ಟ, ಮನೀ ಮುಂದ ನೀವಽ ನಿಂತ ಹಚ್ಚಿಸಿದ್ರ?’

ಮಲಕಪ್ಪಣ್ಣ ಸಸಿಯನ್ನು ಕಂಕುಳಿಗೆ ಸೇರಿಸಿ ಬೆರಳು ಮಡಚಿ ಎಣಿಸತೊಡಗಿದ.

‘ಮನೀಗೊಂದ ಫೋಟೊ,’ ಎಂದಳು ಮಾಯವ್ವ. ‘ಮನಿ ಮಂದೀ ಎಲ್ಲಾ ನಿಮ್ಮ ಆಜೂಬಾಜೂ. ಮುದುಕ್ಯಾರು, ಸೊಸಿಗೋಳು, ಎಲ್ಲಾರೂ. ಇಲ್ಲಿ ಹಚ್ಚಿದ್ರ ನೀರ ಯಾರ ಹಾಕ್ತಾರ್ರಿ? ಮನೀ ಮುಂದ ಭಾಂಡಿ ತೊಳದ ನೀರರ ಬೀಳ್ತೈತಿ.’

‘ನಮ್ಮ ಮನೀಗೆ ನಿಂಬಿ ಕೊಡ್ರಿ!’ ಎಂದು ಒಬ್ಬಳು ಕೂಗಿದಳು. ‘ನಮಗ ನುಗ್ಗಿ!’ ಎಂದಳು ಇನ್ನೊಬ್ಬಳು. ಮಲಕಪ್ಪಣ್ಣ ಊರಿನ ಕಡೆ ನೋಡಿದ. ಅವನ ಕಣ್ಣಿನಲ್ಲಿ ಬಾಗಿಲು ಬಾಗಿಲಿಗೂ ಒಂದು ಫ್ಲೆಕ್ಸ್ ಎದ್ದು ನಿಲ್ಲುತ್ತಿರುವುದು ನಮಗೂ ಕಾಣಿಸಿತು. ಮುಖ ನಿಧಾನವಾಗಿ ಅರಳಿತು.

‘ನನ್ನ ಮನಸ್ಸಿನ್ಯಾಗ ಮೊದಲಿಂದನೂ ಇದಽ ಇತ್ತು,’ ಎಂದ ಗಂಭೀರವಾಗಿ. ‘ಮಾಳಾ ಕುರೀಗೆ, ಗಿಡಾ ಮನೀಗೆ. ಠರಾವ ಆತು. ಕೈ ಎತ್ರಿ.’

ಕೈಗಳು ಎದ್ದವು. ಹಲಗಿ ಮತ್ತೆ ಶುರುವಾಯಿತು. ಟ್ರ್ಯಾಕ್ಟರು ಮುಂದೆ, ಜನ ಹಿಂದೆ, ಮೆರವಣಿಗೆ ಊರಿನ ಕಡೆ ಹೊರಟಿತು. ಕೊಟ್ಟ ಮಾತಿಗೆ ಸರ್ ಫೇಟಾ ಸಮೇತ ಗುದ್ದಲಿ ಹಿಡಿದು ಸಂಜೆಯವರೆಗೆ ಮನೆಮನೆಯ ಮುಂದೆ ಗುಂಡಿ ತೋಡಿದರು. ಸ್ನೇಹಲ್ ಫೋಟೊ ತೆಗೆದು ತೆಗೆದು ಅವಳ ಮೊಬೈಲು ಸತ್ತೇಹೋಯಿತು. ಮಾಯವ್ವ ಮೆರವಣಿಗೆಗೆ ಬರಲಿಲ್ಲ. ಮಾಳದ ಮೇಲೆಯೇ ನಿಂತು ಮೊಬೈಲಿನಲ್ಲಿ, ಅದರ ಅಗತ್ಯವೇ ಇಲ್ಲವೆನ್ನುವಷ್ಟು ಜೋರಾಗಿ, ‘ಹೊಡಕೊಂಡ ಬರ್ರಿ! ಲಗೂನ ಬರ್ರಿ!’ ಎಂದು ಕೂಗುತ್ತಿದ್ದಳು.

ಹುಲ್ಲು ಕಣ್ಣಿಗೆ ಬೀಳುವಷ್ಟಾದ ಮೇಲೆ ನಾವು ಎಣಿಸಲು ಹೋದೆವು. ಬೀರಪ್ಪನ ಹಿಂಡು ಮಾಳದ ತುಂಬ ಹರಡಿತ್ತು. ಅಂಚಿನಲ್ಲಿ ಅರ್ಧಕ್ಕೆ ಬಿಟ್ಟ ಗುಂಡಿಗಳನ್ನು ಯಾರೂ ಮುಚ್ಚಿರಲಿಲ್ಲ. ಮಳೆಗೆ ಅವೆಲ್ಲ ತುಂಬಿ ನಿಂತಿದ್ದವು. ಮರಿಗಳು ಜಾರಿ ಬೀಳದಂತೆ ಮಾಯವ್ವನ ಮಕ್ಕಳು ಒಂದೊಂದು ಮಗ್ಗುಲು ಸವರಿ ಇಳಿಜಾರು ಮಾಡಿದ್ದರು. ಗುಂಡಿಗೆ ನಾಲ್ಕೈದರಂತೆ ಮರಿಗಳು ಮೂತಿ ಇಳಿಸಿ ನೀರು ಕುಡಿಯುತ್ತಿದ್ದವು.

ಮಲಕಪ್ಪಣ್ಣ ನಮ್ಮ ಜೀಪು ಕಂಡು ಬಂದಿದ್ದ. ಸೊಂಟದ ಮೇಲೆ ಕೈಯಿಟ್ಟು ಆ ದೃಶ್ಯವನ್ನು ಕಣ್ತುಂಬ ನೋಡಿದ.

‘ನೋಡವಾ ಮಾಯವ್ವಾ,’ ಎಂದ. ‘ನಾ ತೋಡಿಸಿದ್ದ ಕುರೀಗೆ ನೀರಾತು. ದೂರದೃಷ್ಟಿ ಬೇಕು ಎಲ್ಲಾದಕ್ಕೂ.’

ಮಾಯವ್ವ ಒಂದು ಮರಿಯನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡಳು.

‘ಹೌದ್ರೆಪಾ ಸರಪಂಚರ,’ ಎಂದಳು. ‘ಆ ಕಡೀ ಅಂಚಿಗೆ ನೀರ ಭಾಳ ದೂರ ಆಗ್ತೈತ್ರಿ. ಮುಂದಿನ ವರ್ಷ ಅಲ್ಲೂ ಹಿಂಗ ತಪ್ಪಿ ಒಂದೀಟು ಗುಂಡಿ ತೋಡಸ್ರಿ.’